ತೋಟದ ಮುಸಿಯ ಮರಿಯನ್ನು ಕೊಂದಿದ್ದು: ಯಾರಿಗಾದರೂ ಗೊತ್ತಿದ್ದರೆ ಹೇಳಿ

ಹುಲೇಕಲ್ ಕಡೆಯವಳು · ಮಾರ್ಚ್ 9, ರಾತ್ರಿ 9.40

ಬರೆಯಬೇಕೋ ಬೇಡವೋ ಅಂತ ಯೋಚಿಸ್ತಾ ಕೂತಿದ್ದೆ. ಮನೆಯಲ್ಲಿ ಹೇಳಿದರೆ "ನಿಂಗೆ ಬೇರೆ ಕೆಲಸ ಇಲ್ಲೆ" ಅಂತಾರೆ, ಅದಕ್ಕೆ ಇಲ್ಲಿ ಕೇಳ್ತಾ ಇದ್ದೇನೆ.

ನಮ್ಮದು ಶಿರಸಿ ತಾಲೂಕು, ಹುಲೇಕಲ್ಲಿನಿಂದ ಒಳಗೆ. ಮನೆ ಎದುರು ತೋಟ, ಹಿಂದೆ ಸೊಪ್ಪಿನ ಬೆಟ್ಟ. ಬೆಟ್ಟದ ಅಂಚಿನ ಹಲಸಿನ ಮರದಲ್ಲಿ ನಾಲ್ಕು ವರ್ಷದಿಂದ ಒಂದು ಮುಸಿಯನ (ಕಪ್ಪು ಮುಖದ, ಉದ್ದ ಬಾಲದ ದೊಡ್ಡ ಮಂಗ) ಹಿಂಡು ರಾತ್ರಿ ಮಲಗ್ತದೆ. ಒಂದು ದೊಡ್ಡ ಗಂಡು, ಹತ್ತೋ ಹನ್ನೊಂದೋ ಹೆಣ್ಣು, ಮರಿಗಳು. ನಮ್ಮತ್ತೆ ಆ ಗಂಡಿಗೆ ಪಟೇಲ ಅಂತ ಹೆಸರಿಟ್ಟಿದ್ದಾರೆ.

ಫೆಬ್ರವರಿ ಕೊನೆಗೆ ಎಲ್ಲಿಂದಲೋ ಐದಾರು ಗಂಡುಗಳು ಬಂದವು. ಎರಡು ದಿನ ಬೆಟ್ಟದಲ್ಲಿ ಒಂದೇ ಗಲಾಟೆ, ಮಾಡಿನ ಮೇಲೆ ಓಡಾಡಿ ಹದಿನಾಲ್ಕು ಹಂಚು ಒಡೆದವು. ಪಟೇಲ ಕಿವಿ ಹರಕೊಂಡು ಹೊಳೆ ಆಚೆ ಹೋದ. ಬಂದವರಲ್ಲಿ ಉಳಿದದ್ದೂ ಒಂದೇ, ಜೊತೆಗೆ ಬಂದ ಉಳಿದವನ್ನು ಅದೇ ಓಡಿಸಿತು. ಅಲ್ಲಿಯವರೆಗೆ ಸರಿ. ಮೊನ್ನೆ ಶುಕ್ರವಾರ ಬೆಳಿಗ್ಗೆ ಕೊಟ್ಟಿಗೆ ಕೆಲಸ ಮುಗಿಸಿ ಬರ್ತಾ ಇದ್ದೆ. ಈ ಹೊಸ ಗಂಡು ಒಂದು ತಾಯಿಯ ಮೇಲೆ ಬಿದ್ದು, ಅದರ ಹೊಟ್ಟೆಗೆ ಅಂಟಿಕೊಂಡಿದ್ದ ಮರಿಗೆ ಬಾಯಿ ಹಾಕಿತು. ಎರಡು ಹೆಣ್ಣು ನಡುವೆ ನುಗ್ಗಿದವು. ಅದರಲ್ಲಿ ಒಂದು ಹಣ್ಣು ಮುದುಕಿ, ಬಾಲವೂ ಅರ್ಧ. ಅದೇ ಹೆಚ್ಚು ಹೊಡೆದಾಡಿತು. ಆದರೂ ಆಗಲಿಲ್ಲ. ಮರಿ ಸಂಜೆಗೆ ಸತ್ತಿತು. ತಾಯಿ ಭಾನುವಾರದವರೆಗೆ ಅದನ್ನು ಹಿಡಕೊಂಡೇ ತಿರುಗಿತು.

ನನ್ನ ನಿದ್ದೆ ಕೆಡಿಸಿದ್ದು ಅದಲ್ಲ. ಇವತ್ತು ನೋಡಿದರೆ ಆ ತಾಯಿ ಅದೇ ಗಂಡಿನ ಪಕ್ಕ ಕೂತು ಅದರ ಬೆನ್ನಿನ ಹೇನು ಹೆಕ್ತಾ ಇದೆ. ಯಾಕೆ?


ಕವಣೆಕಲ್ಲು · ಮಾರ್ಚ್ 9, ರಾತ್ರಿ 10.02

ಒಂದು ಕಡಿಮೆ ಆತು ಹೇಳಿ ಖುಷಿಪಡದು ಬಿಟ್ಟು! ತಂಗೀ, ನಮ್ಮನೆಗೆ ಈ ವರ್ಷ ಬಾಳೆಗೊನೆ ಒಂದೂ ಒಳಗೆ ಬಂಜಿಲ್ಲೆ.

(ಹವ್ಯಕದಲ್ಲಿ ಬರೆದರೆ ಕರಾವಳಿಯವರಿಗೆ ತಿಳಿಯೋದಿಲ್ಲ ಅಂತ ಹಿಂದಿನ ಸಲ ಬೈಸಿಕೊಂಡಿದ್ದೆ. ಹಾಗಾಗಿ ಮುಂದೆ ಪೇಟೆ ಭಾಷೆ.) ಎಳೆ ಅಡಿಕೆ ಕಿತ್ತು, ಚೀಪಿ, ಬಿಸಾಡಿದ್ದೇ ಬುಟ್ಟಿಗಟ್ಟಲೆ. ಗರ್ನಾಲು ಪಟಾಕಿಗೆ ದುಡ್ಡು ಸುರಿದು ಸಾಕಾಯ್ತು. ತೀರ್ಥಹಳ್ಳಿ ಕಡೆ ಒಬ್ಬರು ನಾಯಿಗೆ ಹುಲಿಪಟ್ಟೆ ಬಳಿದಿದ್ದು ಪೇಪರಿನಲ್ಲಿ ಬಂದಿತ್ತಲ್ಲ, ನಾನೂ ಮಾಡಿದೆ. ಎರಡು ದಿನ ಒಂದೂ ಇಳಿಯಲಿಲ್ಲ. ಮೂರನೇ ದಿನ ಹುಲಿ ನನ್ನ ಕಂಡು ಬಾಲ ಅಲ್ಲಾಡಿಸಿತು, ಮಂಗಗಳು ಅದನ್ನು ನೋಡಿದವು, ಅಲ್ಲಿಗೆ ಮುಗೀತು.


ಸಿದ್ದಾಪುರದ ಸಿಸ್ಟರ್ · ಮಾರ್ಚ್ 9, ರಾತ್ರಿ 10.15

ಅಕ್ಕಾ, ಬೇರೆಲ್ಲ ಆಮೇಲೆ. ಆ ಮರಿಯ ಹೆಣ ಈಗ ಎಲ್ಲಿದೆ? ಯಾರಾದರೂ ಮುಟ್ಟಿದ್ದೀರಾ?

ಕಚ್ಚಿ ಸತ್ತಿದ್ದನ್ನು ನೀವು ಕಣ್ಣಾರೆ ಕಂಡಿದ್ದೀರಿ, ಒಪ್ಪಿದೆ. ಆದರೆ ಈ ತಿಂಗಳುಗಳಲ್ಲಿ ನಮ್ಮ ಕಡೆ ಸತ್ತ ಮಂಗ ಅಂದರೆ ಸತ್ತ ಮಂಗವೇ, ಕಾರಣ ಆಮೇಲೆ ನೋಡೋದು. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗನ ಕಾಯಿಲೆ ಪತ್ತೆಯಾಗಿದ್ದೇ ಮುಸಿಯ, ಮಂಗಗಳು ಸತ್ತು ಬಿದ್ದಾಗ. ಮಂಗ ಸತ್ತರೆ ಅದರ ಮೈಮೇಲಿನ ಉಣುಗು ಅಲ್ಲೇ ಉದುರ್ತದೆ. ಆ ಜಾಗದಲ್ಲಿ ಸೊಪ್ಪು ಕಡಿಯಲಿಕ್ಕೆ, ದರಕು (ಒಣ ಎಲೆ) ಗುಡಿಸಲಿಕ್ಕೆ ಹೋದವರಿಗೆ ಹತ್ತುತ್ತದೆ. ನಿಮ್ಮ ಆರೋಗ್ಯ ಕೇಂದ್ರಕ್ಕೆ ಒಂದು ಫೋನ್ ಮಾಡಿ. ಉಣುಗು ಹತ್ತದ ಹಾಗೆ ಮೈಗೆ ಹಚ್ಚುವ ಡೇಪಾ ಎಣ್ಣೆ ಹಚ್ಚಿಕೊಳ್ಳದೆ ಬೆಟ್ಟ ಹತ್ತಬೇಡಿ, ಬಂದ ಮೇಲೆ ಬಿಸಿನೀರಲ್ಲಿ ಮಿಂದು ಬಟ್ಟೆ ಬದಲಿಸಿ.


ಹುಲೇಕಲ್ ಕಡೆಯವಳು · ಮಾರ್ಚ್ 9, ರಾತ್ರಿ 10.31

ಯಾರೂ ಮುಟ್ಟಿಲ್ಲ ಸಿಸ್ಟರ್. ತಾಯಿ ಅದನ್ನು ಬೆಟ್ಟದ ಮೇಲೆಲ್ಲೋ ಬಿಟ್ಟಿದೆ. ನಾಳೆ ಬೆಳಿಗ್ಗೆಯೇ ಫೋನ್ ಮಾಡ್ತೇನೆ.


ಕಾಳಿ ದಂಡೆ · ಮಾರ್ಚ್ 10, ಬೆಳಿಗ್ಗೆ 7.20

ನಾನು ಕಾರವಾರದವಳು, ಓದಿದ್ದು ಪ್ರಾಣಿಶಾಸ್ತ್ರ. ಅಕ್ಕಾ, ನೀವು ಕಂಡಿದ್ದು ಪ್ರಾಣಿವರ್ತನೆ ಓದುವವರೆಲ್ಲ ಮೊದಲ ವರ್ಷದಲ್ಲೇ ಕೇಳುವ ಕತೆ. ಅದು ವಿವರವಾಗಿ ದಾಖಲಾಗಿದ್ದು ಎಲ್ಲಿ ಗೊತ್ತಾ? ನಮ್ಮ ಪಕ್ಕದ ಧಾರವಾಡದಲ್ಲಿ. 1961ರಲ್ಲಿ ಜಪಾನಿನ ವಿಜ್ಞಾನಿಗಳು ಅಲ್ಲಿಯ ಕಾಡಿನ ಮುಸಿಯಗಳನ್ನು ನೋಡಲಿಕ್ಕೆ ಬಂದರು. ಅವರಲ್ಲಿ ಯುಕಿಮಾರು ಸುಗಿಯಾಮ ಎಂಬವರು 1962ರಲ್ಲಿ ನೋಡಿದ್ದು ಹೆಚ್ಚುಕಡಿಮೆ ನಿಮ್ಮ ಪಟೇಲನ ಕತೆಯೇ: ಹೊರಗಿನ ಗಂಡುಗಳ ಗುಂಪು ಹಿಂಡಿಗೆ ನುಗ್ಗಿತು, ಹಳೆಯದನ್ನು ಓಡಿಸಿತು, ಗೆದ್ದವರಲ್ಲಿ ಒಂದು ಮಾತ್ರ ಉಳಿಯಿತು, ಉಳಿದದ್ದು ಮರಿಗಳನ್ನು ಕಚ್ಚಿತು. ಮರಿ ಕಳಕೊಂಡ ಹೆಣ್ಣುಗಳು ಸ್ವಲ್ಪ ದಿನದಲ್ಲೇ ಬೆದೆಗೆ ಬಂದವು.

ಆಗ ಬಹಳ ಜನ ನಂಬಲಿಲ್ಲ. ಜಾಗ ಸಾಲದೆ, ಜನರ ಕಾಟಕ್ಕೆ ತಲೆ ಕೆಟ್ಟ ಮಂಗಗಳು ಅಂದರು. 1970ರ ದಶಕದಲ್ಲಿ ಸಾರಾ ಹರ್ಡಿ ಎಂಬ ಅಮೆರಿಕದ ವಿಜ್ಞಾನಿ ರಾಜಸ್ಥಾನದ ಮೌಂಟ್ ಅಬುವಿನಲ್ಲಿ ವರ್ಷಗಟ್ಟಲೆ ಕೂತು ನೋಡಿ ಬೇರೆ ಮಾತು ಹೇಳಿದರು: ತಲೆ ಕೆಟ್ಟಿದ್ದಲ್ಲ, ಲೆಕ್ಕ ಇದೆ. ಹಾಲು ಕುಡಿಸುವ ತಾಯಿ ಮತ್ತೆ ಬಸಿರಾಗಲಿಕ್ಕೆ ವರ್ಷ ಮೇಲಾಗ್ತದೆ. ಗಂಡಿನ ಯಜಮಾನಿಕೆ ಹೆಚ್ಚಿನ ಕಡೆ ಎರಡು ವರ್ಷ, ಎರಡೂವರೆ ವರ್ಷ, ಅಷ್ಟೇ (ನಿಮ್ಮ ಪಟೇಲ ಗಟ್ಟಿಗನೇ ಇರಬೇಕು). ಇನ್ನೊಬ್ಬನ ಮರಿ ದೊಡ್ಡದಾಗುವವರೆಗೆ ಕಾದರೆ ಅವನ ಕಾಲವೇ ಮುಗೀತದೆ. 1999ರಲ್ಲಿ ನೇಪಾಳದ ರಾಮನಗರದ ಮುಸಿಯಗಳ ಡಿಎನ್‌ಎ ಪರೀಕ್ಷೆ ಬಂತು. ಮರಿಯ ಮೇಲೆ ಬಿದ್ದ ಗಂಡುಗಳು ಆ ಮರಿಗಳ ಅಪ್ಪಂದಿರಾಗಿರಲಿಲ್ಲ.

ತಾಯಿ ಯಾಕೆ ಅವನ ಪಕ್ಕ ಕೂತಿತು ಅಂತ ಕೇಳಿದಿರಿ. ಅದಕ್ಕೆ ಬೇರೆ ದಾರಿ ಏನಿದೆ ಹೇಳಿ. ಹಿಂಡು ಬಿಟ್ಟು ಹೋದರೆ ಚಿರತೆ. ಇದ್ದರೆ ಮುಂದಿನ ಮರಿಯನ್ನಾದರೂ ಇವನು ಕಾಯ್ತಾನೆ. ಹೆಣ್ಣುಗಳೂ ಸುಮ್ಮನೆ ಇರುವುದಿಲ್ಲ. ಕೆಲವು ಹೊರಗಿನ ಗಂಡುಗಳನ್ನೂ ಮೊದಲೇ ಕೂಡಿರ್ತವೆ, ಬಸಿರಿದ್ದರೂ ಬೆದೆ ಬಂದಂತೆ ನಟಿಸ್ತವೆ. ಮರಿ ಯಾರದ್ದು ಅಂತ ಯಾವ ಗಂಡಿಗೂ ಖಾತ್ರಿ ಆಗಬಾರದು. ಆ ಅರ್ಧ ಬಾಲದ ಮುದುಕಿ ನುಗ್ಗಿದ್ದೂ ಹಾಗೆಯೇ. ಅಬುವಿನಲ್ಲೂ ಮರಿಗೋಸ್ಕರ ಜೀವ ಒತ್ತೆ ಇಟ್ಟು ಹೊಡೆದಾಡಿದ್ದು ಹೆಚ್ಚಾಗಿ ವಯಸ್ಸಾದ ಹೆಣ್ಣುಗಳೇ.


ತಾಳಮದ್ದಲೆ ಹುಚ್ಚ · ಮಾರ್ಚ್ 10, ಮಧ್ಯಾಹ್ನ 2.10

ವಾಲಿ ಬಿಲದಿಂದ ಹೊರಗೆ ಬಂದ, ಸುಗ್ರೀವನನ್ನು ಓಡಿಸಿದ, ತಮ್ಮನ ಹೆಂಡತಿ ರುಮೆಯನ್ನು ಇಟ್ಟುಕೊಂಡ. ಆಮೇಲೆ ವಾಲಿ ಸತ್ತ, ತಾರೆ ಸುಗ್ರೀವನ ಅರಮನೆಯಲ್ಲೇ ಉಳಿದಳು. ಕಾರವಾರದ ತಂಗಿ, ನೀವು ಹೇಳಿದ್ದನ್ನು ನಾವು ರಾತ್ರಿಯಿಡೀ ಕೂತು ಸಾವಿರ ಸಲ ವಾದ ಮಾಡಿದ್ದೇವೆ. ಒಂದೇ ವ್ಯತ್ಯಾಸ: ಸುಗ್ರೀವ ಅಂಗದನನ್ನು ಕೊಲ್ಲಲಿಲ್ಲ. ಯುವರಾಜ ಮಾಡಿದ.

ಈಗ ಎರಡು ಪ್ರಶ್ನೆ. ಒಂದು, "ಲೆಕ್ಕ ಇದೆ" ಅಂದರೆ ಸರಿ ಅಂತಲಾ? ನಾಳೆ ಮಲತಂದೆ ಮಗುವಿಗೆ ಹೊಡೆದರೆ ವಿಜ್ಞಾನ ಅವನ ವಕೀಲಿಕೆ ಮಾಡ್ತದಾ? ಎರಡು, ಮಂಗನಿಂದ ಮಾನವ ಆದ ಅಂತೀರಿ. ಹಾಗಿದ್ದರೆ ಕವಣೆಕಲ್ಲು ಭಾವನ ತೋಟದಲ್ಲಿ ಇರೋವು ಯಾಕೆ ಇನ್ನೂ ಮಂಗನಾಗಿಯೇ ಉಳಿದವು?


ಕವಣೆಕಲ್ಲು · ಮಾರ್ಚ್ 10, ಮಧ್ಯಾಹ್ನ 2.25

ಬಾಳೆಹಣ್ಣು ಪುಕ್ಕಟೆ ಸಿಗ್ತಾ ಇದ್ದರೆ ಯಾರು ಮನುಷ್ಯರಾಗ್ತಾರೆ ಮಾರಾಯಾ.


ಕುಮಟೆಯ ಹಳೇ ಮಾಸ್ತರ · ಮಾರ್ಚ್ 10, ರಾತ್ರಿ 8.50

ಎರಡನೇ ಪ್ರಶ್ನೆಯನ್ನು ಮೂವತ್ತೊಂದು ವರ್ಷ ಪ್ರತಿ ಬ್ಯಾಚಿನಲ್ಲಿ ಒಬ್ಬನಾದರೂ ಕೇಳಿದ್ದಾನೆ. ಉತ್ತರ ಹೇಳುವ ಮೊದಲು ನನ್ನದೇ ಒಂದು ತಪ್ಪು ಒಪ್ಪಿಕೊಳ್ಳಬೇಕು.

ನೌಕರಿಯ ಮೊದಲ ವರ್ಷಗಳಲ್ಲಿ ಮನುಷ್ಯನ ಮೂಲಪುರುಷ ರಾಮಾಪಿಥೆಕಸ್, ಅವನು ಸಿಕ್ಕಿದ್ದು ನಮ್ಮ ಹಿಮಾಲಯದ ಬುಡದ ಶಿವಾಲಿಕ್ ಬೆಟ್ಟದಲ್ಲಿ ಅಂತ ಎದೆ ಉಬ್ಬಿಸಿ ಹೇಳಿಕೊಡ್ತಿದ್ದೆ. 1932ರಲ್ಲಿ ಎಡ್ವರ್ಡ್ ಲೂಯಿಸ್ ಎಂಬ ತರುಣನಿಗೆ ಸಿಕ್ಕಿದ್ದು ಒಂದು ಮೇಲ್ದವಡೆಯ ಚೂರು. ಅದರ ವಕ್ರ ನೋಡಿ, ಹಲ್ಲು ನೋಡಿ, ಇದು ನಮ್ಮವನೇ ಅಂದರು. 1967ರಲ್ಲಿ ವಿನ್ಸೆಂಟ್ ಸಾರಿಚ್, ಅಲನ್ ವಿಲ್ಸನ್ ಅಂತ ಇಬ್ಬರು ರಕ್ತದ ಪ್ರೋಟೀನು ಹೋಲಿಸಿ, ಮನುಷ್ಯ ಮತ್ತು ಆಫ್ರಿಕದ ವಾನರಗಳು ಕವಲಾಗಿ ಸುಮಾರು 50 ಲಕ್ಷ ವರ್ಷ ಮಾತ್ರ ಆಗಿದೆ, ಕೋಟಿ ವರ್ಷಕ್ಕಿಂತ ಹಳೆಯ ಆ ದವಡೆ ಮನುಷ್ಯನ ಸಾಲಿನದ್ದಾಗಲು ಸಾಧ್ಯವೇ ಇಲ್ಲ ಅಂದರು. ಎಲುಬು ಅಗೆಯುವವರಿಗೆ ಸಿಟ್ಟು ಬಂತು. 1982ರ ಹೊತ್ತಿಗೆ ಪಾಕಿಸ್ತಾನದಲ್ಲಿ ಸಿಕ್ಕ ಮುಖದ ಎಲುಬು ನೋಡಿದರೆ ಅದು ಒರಾಂಗುಟಾನಿನ ಕಡೆಯ ನೆಂಟ. ರಾಮಾಪಿಥೆಕಸನ ಪರವಾಗಿ ಮೊದಲು ವಾದಿಸಿದ್ದ ಡೇವಿಡ್ ಪಿಲ್ಬೀಮ್ ಅವರೇ ಅದನ್ನು ಪ್ರಕಟಿಸಿದರು. ಹುಡುಗರ ಪಟ್ಟಿ ತೆಗೆದು ಒಬ್ಬೊಬ್ಬರಿಗೂ ಕಾಗದ ಹಾಕೋಣ ಅನ್ನಿಸಿತ್ತು ನನಗೆ.

ಈಗ ಉತ್ತರ. ಮಂಗನಿಂದ ಮಾನವ ಆಗಲಿಲ್ಲ. ನಿಮ್ಮ ದಾಯಾದಿ ನಿಮ್ಮ ಅಜ್ಜ ಅಲ್ಲ, ಅಲ್ಲವೇ? ಇಬ್ಬರಿಗೂ ಒಬ್ಬ ಮುತ್ತಜ್ಜ ಇದ್ದ, ಹಿಸೆ ಆಯ್ತು, ಒಬ್ಬ ಘಟ್ಟದ ಮೇಲೆ ಉಳಿದ, ಒಬ್ಬ ಕೆಳಗೆ ಇಳಿದ. ಘಟ್ಟದ ಮೇಲಿನವನು "ಇನ್ನೂ ಯಾಕೆ ಕುಮಟೆಯವನಾಗಿಲ್ಲ" ಅಂತ ಯಾರೂ ಕೇಳುವುದಿಲ್ಲ. ನಮಗೂ ಈ ಮುಸಿಯ, ಮಂಗ, ಸಿಂಗಳೀಕಗಳಿಗೂ ಹಿಸೆ ಆಗಿ ಎರಡೂವರೆಯಿಂದ ಮೂರು ಕೋಟಿ ವರ್ಷ. ಚಿಂಪಾಂಜಿಗೂ ನಮಗೂ, ಈಗಿನ ಲೆಕ್ಕದಲ್ಲಿ, 60–70 ಲಕ್ಷ. ಹಿಸೆ ಆದ ಮೇಲೆ ಮುಸಿಯವೂ ಕೈಕಟ್ಟಿ ಕೂತಿಲ್ಲ. ಅದು ಎಲೆ ತಿಂದು ಬದುಕಲು ಹೊಟ್ಟೆಯನ್ನು ಆಕಳ ಹೊಟ್ಟೆಯ ಹಾಗೆ ಕೋಣೆ ಕೋಣೆ ಮಾಡಿಕೊಂಡಿದೆ. ಕವಣೆಕಲ್ಲು ಅವರೇ, ನಿಮ್ಮ ತೋಟದ ಸಣ್ಣ ಮಂಗಕ್ಕೆ ಕೆನ್ನೆಯಲ್ಲಿ ಚೀಲ ಇದೆ, ತುಂಬಿಕೊಂಡು ಓಡುತ್ತದೆ. ಮುಸಿಯಕ್ಕೆ ಆ ಚೀಲ ಇಲ್ಲ, ಹೊಟ್ಟೆಯೇ ಉಗ್ರಾಣ.

1987ರಲ್ಲಿ ಅದೇ ಅಲನ್ ವಿಲ್ಸನ್ ತಂಡ ಮುಸಿಯನ ಹೊಟ್ಟೆಯ ಒಂದು ಕಿಣ್ವ ನೋಡಿತು. ಲೈಸೋಜೈಮ್ ಅಂತ, ಎಲೆ ಹುದುಗಿಸಿದ ಸೂಕ್ಷ್ಮಜೀವಿಗಳನ್ನು ಒಡೆದು ಜೀರ್ಣಕ್ಕೆ ಒದಗಿಸುವಂಥದ್ದು. ಅದರಲ್ಲಿ ಕೆಲವು ಬದಲಾವಣೆ ಆಕಳ ಕಿಣ್ವದಲ್ಲಿ ಆದದ್ದೇ. ಹಾಗಂತ ಮುಸಿಯ ಆಕಳಿಗೆ ನೆಂಟ ಅಲ್ಲ. ಕಸುಬು ಒಂದೇ ಆದ್ದರಿಂದ ಹತ್ಯಾರವೂ ಒಂದೇ ಥರ ಆಯ್ತು. ಆ ದವಡೆ ಚೂರಿನಲ್ಲಿ ನಾವು ಮೋಸ ಹೋದದ್ದೂ ಹೀಗೆಯೇ. ಹೋಲಿಕೆ ಕಂಡ ಕೂಡಲೇ ಬಳಗಕ್ಕೆ ಸೇರಿಸಿಬಿಟ್ಟೆವು.

ಮೊದಲನೇ ಪ್ರಶ್ನೆಗೆ ಕಾರವಾರದವರೇ ಹೇಳಲಿ.


ತಾಳಮದ್ದಲೆ ಹುಚ್ಚ · ಮಾರ್ಚ್ 10, ರಾತ್ರಿ 9.15

ಹಿಸೆ ಪಾಲಿನ ಉಪಮೆ ಒಪ್ಪಿದೆ ಮಾಸ್ತರೇ. ನಮ್ಮನೆ ಹಿಸೆ ಕೋರ್ಟಿನಲ್ಲಿ ಹತ್ತೊಂಬತ್ತು ವರ್ಷ ನಡೀತು, ಹಾಗಾಗಿ ಕೋಟಿ ವರ್ಷದ ಅಂದಾಜು ನನಗೂ ಸ್ವಲ್ಪ ಇದೆ.


ಕಾಳಿ ದಂಡೆ · ಮಾರ್ಚ್ 11, ಬೆಳಿಗ್ಗೆ 6.55

ತಾಳಮದ್ದಲೆಯವರೇ, ವಕೀಲಿಕೆ ಮಾಡುವುದಿಲ್ಲ. ಲೆಕ್ಕ ಅಂದದ್ದು ಯಾಕೆ ಹೀಗಾಯ್ತು ಅನ್ನುವುದಕ್ಕೆ, ಆಗಬೇಕು ಅನ್ನುವುದಕ್ಕಲ್ಲ. ಉಣುಗಿನಲ್ಲಿ ಮಂಗನ ಕಾಯಿಲೆ ಹೇಗೆ ಉಳೀತದೆ ಅಂತ ಸಿಸ್ಟರ್ ಹೇಳಿದರೆ ಅವರು ಕಾಯಿಲೆಯ ಕಡೆಯವರು ಅಂತ ಆಗ್ತದಾ?

ಇನ್ನು ಚಿಂಪಾಂಜಿಗಳಲ್ಲೂ ಮರಿ ಕೊಲ್ಲುವುದು ಇದೆ. ಆದರೆ ಕಾಂಗೋ ನದಿಯ ತೆಂಕಣ ದಂಡೆಯ ಬೊನೊಬೊ ಎಂಬ, ಚಿಂಪಾಂಜಿಯ ಹತ್ತಿರದ ನೆಂಟ ವಾನರಗಳಲ್ಲಿ ಹೆಣ್ಣುಗಳು ಒಟ್ಟಾಗಿ ನಿಂತು ಗಂಡುಗಳನ್ನು ಹದ್ದುಬಸ್ತಿನಲ್ಲಿ ಇಡ್ತವೆ. ಇವೆರಡೂ ನಮಗೆ ಒಂದೇ ದೂರದ ದಾಯಾದಿಗಳು. ಯಾವುದನ್ನು ತೋರಿಸಿ "ನಾವು ಹೀಗೇ" ಅಂತೀರಿ?

ನಮ್ಮದೇ ಸಾಲಿನ ಎಲುಬು ನೋಡುವುದು ಒಳ್ಳೆಯದು. ಅಕ್ಕಾ, ಆ ಗಂಡು ಬಾಯಿ ತೆರೆದಾಗ ಕೋರೆಹಲ್ಲು ನೋಡಿರ್ತೀರಿ, ಕತ್ತಿ ಹಾಗೆ ಇರ್ತದೆ. ಗಂಡು ಚಿಂಪಾಂಜಿಗೂ ಹಾಗೆಯೇ. ಇಥಿಯೋಪಿಯದಲ್ಲಿ ಸಿಕ್ಕ ಆರ್ಡಿಪಿಥೆಕಸ್ ಅಂತ ಒಂದಿದೆ, 44 ಲಕ್ಷ ವರ್ಷ ಹಳೆಯದು, 2009ರಲ್ಲಿ ಪೂರ್ತಿ ವಿವರ ಬಂತು. ಮಿದುಳು ಚಿಂಪಾಂಜಿಯಷ್ಟೂ ಇಲ್ಲ, ಮರ ಹತ್ತಲು ಕಾಲಿನ ಹೆಬ್ಬೆರಳು ಇನ್ನೂ ಅಗಲವಾಗಿ ನಿಂತಿದೆ, ಆದರೆ ಗಂಡುಗಳ ಕೋರೆಹಲ್ಲು ಆಗಲೇ ಸಣ್ಣ, ಮೊಂಡು. 32 ಲಕ್ಷ ವರ್ಷ ಹಳೆಯ ಎಲುಬುಗೂಡು, ಲೂಸಿ ಅಂತ ಇದ್ದಾಳಲ್ಲ, 1974ರಲ್ಲಿ ಸಿಕ್ಕವಳು, ಎರಡು ಕಾಲಲ್ಲಿ ನಡೀತಿದ್ದಳು, ಆಕೆಯ ಜಾತಿಯವರದ್ದೂ ಅಷ್ಟೇ. ನಮ್ಮ ಬುದ್ಧಿ ಬೆಳೆಯುವ ಎಷ್ಟೋ ಮೊದಲೇ ನಮ್ಮ ಗಂಡಸರ ಕತ್ತಿ ಮೊಂಡಾಗಿತ್ತು. ಗಂಡು ಗಂಡಿನ ಕಾದಾಟ ಕಡಿಮೆಯಾದದ್ದಕ್ಕೆ ಹೀಗೆ ಅಂತ ಓವೆನ್ ಲವ್‌ಜಾಯ್ ಎಂಬ ವಿಜ್ಞಾನಿ ವಾದಿಸಿದರು. ಎಲ್ಲರೂ ಒಪ್ಪಿಲ್ಲ. ನನಗೆ ಅರ್ಧ ಒಪ್ಪಿಗೆ.

ನಿಮ್ಮ ಹಿಂಡಿನಲ್ಲಿ ಇನ್ನೊಂದು ನೋಡಿದ್ದೀರಾ? ಹೊಸ ಮರಿ ಹುಟ್ಟಿದ ದಿನವೇ ಬೇರೆ ಹೆಣ್ಣುಗಳು ಎತ್ತಿಕೊಳ್ಳುತ್ತವಾ?


ಹುಲೇಕಲ್ ಕಡೆಯವಳು · ಮಾರ್ಚ್ 11, ರಾತ್ರಿ 9.05

ಎತ್ತಿಕೊಳ್ತವೆ! ಹುಟ್ಟಿದ ಮರಿ ಕಪ್ಪಗೆ ಇರ್ತದೆ, ಮುಖ ಮಾತ್ರ ಬೆಳ್ಳಗೆ. ಒಂದರ ಕೈಯಿಂದ ಒಂದು ಕಸಿದುಕೊಂಡು ಹೋಗ್ತವೆ, ಮದುವೆ ಮನೆಯಲ್ಲಿ ಬಾಣಂತಿಯ ಕೂಸು ಸುತ್ತಿದ ಹಾಗೆ. ಕೆಲವು ಸಣ್ಣ ಪ್ರಾಯದವು ತಲೆ ಕೆಳಗೆ ಮಾಡಿ ಹಿಡೀತವೆ, ನೋಡಲಿಕ್ಕಾಗೋದಿಲ್ಲ. ತಾಯಿ ಆರಾಮಾಗಿ ಎಲೆ ಮೇಯ್ತಾ ಇರ್ತದೆ.

ಅದೇ ಸಣ್ಣ ಮಂಗ ಹಾಗೆ ಕೊಡೋದು ಕಂಡಿಲ್ಲ.


ಕಾಳಿ ದಂಡೆ · ಮಾರ್ಚ್ 12, ಬೆಳಿಗ್ಗೆ 7.10

ಇದನ್ನೇ ಕೇಳಬೇಕಿತ್ತು. ಚಿಂಪಾಂಜಿ ತಾಯಿ ಮೊದಲ ತಿಂಗಳುಗಳಲ್ಲಿ ಮರಿಯನ್ನು ಯಾರ ಕೈಗೂ ಕೊಡುವುದಿಲ್ಲ. ಹೊತ್ತೇ ತಿರುಗ್ತದೆ, ಮುಂದಿನ ಮರಿಗೆ ಐದಾರು ವರ್ಷ. ಒರಾಂಗುಟಾನ್ ಏಳೆಂಟು ವರ್ಷ. ಮನುಷ್ಯರಲ್ಲಿ ಬೇಟೆ-ಗೆಡ್ಡೆ ನಂಬಿ ಬದುಕುವವರಲ್ಲೂ ಮೂರು ನಾಲ್ಕು ವರ್ಷಕ್ಕೆ ಇನ್ನೊಂದು ಕೂಸು. ಅದೂ ನಮ್ಮ ಕೂಸು ಎಲ್ಲಕ್ಕಿಂತ ನಿಧಾನ ಬೆಳೆಯುವಂಥದ್ದು. ಒಬ್ಬ ತಾಯಿಗೆ ಇದು ಹೇಗೆ ಸಾಧ್ಯ? ಸಾಧ್ಯವಿಲ್ಲ, ಬೇರೆ ಕೈಗಳಿದ್ದವು ಅನ್ನುವುದು ಹರ್ಡಿ 2009ರಲ್ಲಿ ವಿಸ್ತಾರವಾಗಿ ಮಂಡಿಸಿದ ವಾದ. ಮರಿ ಕೊಲ್ಲುವುದನ್ನು ಅಬುವಿನಲ್ಲಿ ನೋಡಿದ ಅದೇ ಹೆಂಗಸು, ಮೂವತ್ತು ವರ್ಷ ಆದ ಮೇಲೆ, ಮರಿ ಹಂಚಿಕೊಳ್ಳುವುದರ ಬಗ್ಗೆ ಬರೆದರು. ಎರಡನ್ನೂ ಆಕೆ ಮೊದಲು ಕಂಡಿದ್ದು ಮುಸಿಯಗಳಲ್ಲೇ.

ಆದರೆ ಮಾಸ್ತರು ಹೇಳಿದ್ದು ಇಲ್ಲೂ ನೆನಪಿರಬೇಕು. ಕೂಸು ಹಂಚಿಕೊಳ್ಳುವುದರಲ್ಲಿ ನಾವು ಹತ್ತಿರದ ನೆಂಟ ಚಿಂಪಾಂಜಿಗಿಂತ ದೂರದ ನೆಂಟ ಮುಸಿಯಕ್ಕೆ ಹತ್ತಿರ. ಅದು ಬಳುವಳಿ ಅಲ್ಲ, ಬೇರೆ ಬೇರೆಯಾಗಿ ಬಂದದ್ದು. ಮತ್ತೆ ಮುಸಿಯ ಎತ್ತಿಕೊಳ್ತದೆ, ಉಣಿಸುವುದಿಲ್ಲ. ಇನ್ನೊಬ್ಬರ ಕೂಸಿಗೆ ತುತ್ತು ಕೊಡುವುದು ಅಮೆರಿಕ ಖಂಡದ ಮಾರ್ಮೊಸೆಟ್, ಟ್ಯಾಮರಿನ್ ಎಂಬ ಅಳಿಲಿನಷ್ಟಿರುವ ಮಂಗಗಳಲ್ಲಿದೆ. ದೊಡ್ಡ ವಾನರಗಳ ಪೈಕಿ ಅದನ್ನು ರೂಢಿ ಮಾಡಿಕೊಂಡದ್ದು ನಾವು ಮಾತ್ರ.

ಬೇಟೆ-ಗೆಡ್ಡೆ ನಂಬಿ ಬದುಕುವ ಟಾಂಜಾನಿಯದ ಹಾಡ್ಜಾ ಜನರಲ್ಲಿ ಕ್ರಿಸ್ಟನ್ ಹಾಕ್ಸ್ ಎಂಬ ವಿಜ್ಞಾನಿ ಮತ್ತು ಜೊತೆಗಾರರು ಲೆಕ್ಕ ಹಾಕಿದ್ದರು. ತಾಯಿ ಬಾಣಂತಿಯಾದಾಗ ದೊಡ್ಡ ಮಕ್ಕಳ ತೂಕ ನಿಂತಿದ್ದು ಅಜ್ಜಿ ಅಗೆದು ತಂದ ಗೆಡ್ಡೆಯ ಮೇಲೆ. ಮುಟ್ಟು ನಿಂತ ಮೇಲೂ ಹೆಂಗಸು ದಶಕಗಟ್ಟಲೆ ಗಟ್ಟಿಯಾಗಿ ಬದುಕುವುದಕ್ಕೆ ಇದೇ ಕಾರಣ ಅಂತ ಅವರ ವಾದ.


ಹುಲೇಕಲ್ ಕಡೆಯವಳು · ಮಾರ್ಚ್ 12, ರಾತ್ರಿ 9.30

ಇದನ್ನು ಅತ್ತೆಗೆ ಓದಿ ಹೇಳಿದೆ. ನನ್ನ ಎರಡನೇ ಬಾಣಂತನದಲ್ಲಿ ದೊಡ್ಡವನಿಗೆ ಎರಡು ವರ್ಷ, ತವರಿಗೆ ಹೋಗುವ ಹಾಗಿರಲಿಲ್ಲ, ಕೊನೆಕೊಯ್ಲು ಬೇರೆ. ಮೂರು ತಿಂಗಳು ಅವನು ಅತ್ತೆಯ ಸೊಂಟದ ಮೇಲೇ ಇದ್ದ. ಅಡಿಕೆ ಸುಲಿಯುವಾಗಲೂ ಅಲ್ಲೇ.

ಎಲ್ಲ ಕೇಳಿ "ಮುದುಕಿಯರು ಎಂತಕೆ ಬದುಕ್ತ ಹೇಳಿ ತಿಳಕಂಬಲೆ ಆಫ್ರಿಕಕ್ಕೆ ಹೋಗವನು?" ಅಂದರು, ಒಳಗೆ ಹೋದರು. ಆಮೇಲೆ ಬಂದು, ಆ ಅರ್ಧ ಬಾಲದ್ದಕ್ಕೆ ಪೆಟ್ಟಾಗಿದೆಯಾ ಅಂತ ಕೇಳಿದರು.


ಗಂಗಾವಳಿ ಆಚೆ · ಮಾರ್ಚ್ 13, ಬೆಳಿಗ್ಗೆ 11.40

ಓದಲಿಕ್ಕೆ ಚೆಂದ ಇದೆ, ಆದರೆ ಒಂದು ಕಡೆ ಮುಳ್ಳು ಚುಚ್ಚಿತು. ನಾನು ಅಂಕೋಲೆಯವಳು, ಕಾರವಾರದಲ್ಲಿ ಕೆಲಸ, ಗಂಡ ಹಡಗಿನಲ್ಲಿ. ಅತ್ತೆಯೂ ಇಲ್ಲ, ಅಮ್ಮನೂ ಇಲ್ಲ. "ಅಜ್ಜಿ ಇರುವುದೇ ಇದಕ್ಕೆ, ವಿಜ್ಞಾನವೇ ಹೇಳಿದೆ" ಅಂತ ನಾಳೆ ಯಾರೋ ವಾಟ್ಸಾಪಿನಲ್ಲಿ ತಿರುಗಿಸ್ತಾರೆ. ಆಗ ನನ್ನಂಥವಳದ್ದು ಅರ್ಧ ಸಂಸಾರ, ಅರವತ್ತಾದ ಮೇಲೂ ಸೊಂಟ ನೋಯಿಸಿಕೊಳ್ಳುವುದು ಮುದುಕಿಯರ ಧರ್ಮ, ಗಂಡಸರಿಗೆ ರಜೆ. ನನ್ನ ಮಗಳನ್ನು ಆರು ತಿಂಗಳಿಂದ ನೋಡಿಕೊಂಡದ್ದು ಪಕ್ಕದ ಮನೆಯ ಮೀನು ಮಾರುವ ಹೆಂಗಸು, ಬಾಯಿ ಅಂತ ಕರೀತೇವೆ. ಆಕೆಗೆ ನಾವು ರಕ್ತವೂ ಅಲ್ಲ, ಜಾತಿಯೂ ಅಲ್ಲ.


ಕಾಳಿ ದಂಡೆ · ಮಾರ್ಚ್ 13, ಸಂಜೆ 6.15

ನೀವು ಹೇಳಿದ್ದು ಹರ್ಡಿಗೆ ವಿರೋಧ ಅಲ್ಲ, ಅದೇ ಅವರ ಮಾತು. ಅಜ್ಜಿ ಅಂತ ನಾನೇ ಹೆಚ್ಚು ಎಳೆದೆ. ಅಕ್ಕ, ಅಪ್ಪ, ಚಿಕ್ಕಮ್ಮ, ನೆರೆಮನೆ, ಯಾರು ಸಿಕ್ಕಿದರೋ ಅವರು. ಯಾರು ಅನ್ನುವುದು ಗಟ್ಟಿಯಿಲ್ಲದ್ದರಿಂದಲೇ ನಮ್ಮ ಕೂಸುಗಳು ಕಂಡವರ ಮುಖ ಓದಿ, ನಕ್ಕು, ಒಲಿಸಿಕೊಳ್ಳುವುದನ್ನು ಕಲಿತವು ಅಂತ ಆಕೆ ಹೇಳ್ತಾರೆ. ನಿಮ್ಮ ಆ ಬಾಯಿಗೆ ನನ್ನ ನಮಸ್ಕಾರ ಹೇಳಿ.


ಬೈನೆಮರ · ಮಾರ್ಚ್ 14, ಬೆಳಿಗ್ಗೆ 8.00

ವಿಷಯಾಂತರಕ್ಕೆ ಕ್ಷಮೆ ಇರಲಿ. ಉಂಚಳ್ಳಿ, ಕತ್ತಲೆಕಾನು ಕಡೆ ಹೋದವರು ಮುಸಿಯ ಕಂಡು "ಸಿಂಗಳೀಕ ನೋಡಿದೆ" ಅಂತ ಫೋಟೋ ಹಾಕ್ತಾರೆ. ಎರಡಕ್ಕೂ ಕಪ್ಪು ಮುಖ, ನಿಜ. ಸಿಂಗಳೀಕಕ್ಕೆ ಮುಖದ ಸುತ್ತ ಬಿಳಿ ಕೇಸರ, ಮೈ ಕಪ್ಪು, ಬಾಲ ಗಿಡ್ಡ, ತುದಿಯಲ್ಲಿ ಕುಚ್ಚು. ಪಶ್ಚಿಮ ಘಟ್ಟ ಬಿಟ್ಟರೆ ಜಗತ್ತಿನ ಬೇರೆ ಯಾವ ಕಾಡಿನಲ್ಲೂ ಇಲ್ಲ. ಅದಕ್ಕೋಸ್ಕರವೇ 2011ರಲ್ಲಿ ಅಘನಾಶಿನಿ ಕಣಿವೆಯನ್ನು ಸಂರಕ್ಷಣಾ ಮೀಸಲು ಮಾಡಿದ್ದು. ಘಾಟಿಯಲ್ಲಿ ಕಾರು ನಿಲ್ಲಿಸಿ ಬಿಸ್ಕಿಟ್ ಎಸೆಯುವವರು ದಯವಿಟ್ಟು ಅದಕ್ಕೂ ಆ ಚಟ ಹತ್ತಿಸಬೇಡಿ.


ಕವಣೆಕಲ್ಲು · ಮಾರ್ಚ್ 14, ಬೆಳಿಗ್ಗೆ 8.30

ಬಿಸ್ಕಿಟ್ ಮಾತಿಗೆ ಸಾವಿರ ಮೆಚ್ಚುಗೆ. ಘಾಟಿಯಲ್ಲಿ ಇವರು ಕಲಿಸ್ತಾರೆ, ನಮ್ಮ ಅಡುಗೆಮನೆಯಲ್ಲಿ ಅವು ಪರೀಕ್ಷೆ ಬರೀತವೆ.


ಕುಮಟೆಯ ಹಳೇ ಮಾಸ್ತರ · ಮಾರ್ಚ್ 14, ರಾತ್ರಿ 9.00

ಬಂಡೀಪುರದ ಮಂಗಗಳು ಪ್ರವಾಸಿಗರ ಕಡೆ ಕೈ ಚಾಚಿ, ಕೂ ಅಂತ ಸ್ವರ ತೆಗೆದು ತಿಂಡಿ ಬೇಡುವುದನ್ನು ಬೆಂಗಳೂರಿನ ಅನಿಂದ್ಯ ಸಿನ್ಹಾ ಮತ್ತು ಜೊತೆಗಾರರು 2018ರಲ್ಲಿ ಪ್ರಕಟಿಸಿದ್ದಾರೆ. ಎದುರಿನವರು ತಮ್ಮ ಕಡೆ ನೋಡುತ್ತಿದ್ದಾರೋ ಇಲ್ಲವೋ ಅಂತ ಗಮನಿಸಿ ಬೇಡುತ್ತವಂತೆ. ಪರೀಕ್ಷೆ ಬರೆಯುತ್ತವೆ ಅನ್ನುವುದು ಪೂರ್ತಿ ತಮಾಷೆ ಏನಲ್ಲ.

ಹುಲೇಕಲ್ಲಿನ ತಂಗೀ, ಆ ತಾಯಿಯ ಮೇಲೆ ಒಂದು ಕಣ್ಣಿಡಿ. ಮುಸಿಯನ ಬಸಿರು ಹೆಚ್ಚುಕಡಿಮೆ 200 ದಿನ.


ಹುಲೇಕಲ್ ಕಡೆಯವಳು · ನವೆಂಬರ್ 2, ರಾತ್ರಿ 8.20

ಈ ಚರ್ಚೆ ಕೆಳಗೆ ಹೋಗಿಬಿಟ್ಟಿದೆ, ಹುಡುಕಿ ತೆಗೆದೆ.

ಅಕ್ಟೋಬರ್ 19ರ ಬೆಳಿಗ್ಗೆ ಕಂಡೆ, ಆ ತಾಯಿಗೆ ಮರಿ ಆಗಿದೆ. ಕಪ್ಪು ಇಲಿಯಷ್ಟಿದೆ. ಗಂಡು ಅದರ ಹತ್ತಿರವೇ ಕೂತಿರ್ತದೆ, ಏನೂ ಮಾಡೋದಿಲ್ಲ, ಮೊನ್ನೆ ಅದು ಬಾಲ ಹಿಡಿದು ಜೋತಾಡಿದರೂ ಸುಮ್ಮನಿತ್ತು. ಆ ಗಂಡಿಗೆ ಅತ್ತೆ ಇನ್ನೂ ಹೆಸರಿಟ್ಟಿಲ್ಲ. ಇಡೋದಿಲ್ಲವಂತೆ.

ಅರ್ಧ ಬಾಲದ ಮುದುಕಿ ಮಳೆಗಾಲ ಕಳೆಯೋದಿಲ್ಲ ಅಂದುಕೊಂಡಿದ್ದೆ, ಕಳೀತು. ಇವತ್ತು ಮಧ್ಯಾಹ್ನ ತಾಯಿ ಮೇಯಲಿಕ್ಕೆ ಹೋದಾಗ ಮರಿ ಅದರ ಮಡಿಲಲ್ಲಿತ್ತು. ಸಣ್ಣ ಪ್ರಾಯದ್ದೊಂದು ಕಸಿದುಕೊಳ್ಳಲಿಕ್ಕೆ ಬಂತು. ಮುದುಕಿ ಬೆನ್ನು ತಿರುಗಿಸಿ ಕೂತಿತು.


ಕವಣೆಕಲ್ಲು · ನವೆಂಬರ್ 2, ರಾತ್ರಿ 8.41

ಒಳ್ಳೆದಾತು ತಂಗೀ. ನಿಮ್ಮನೆ ಬಾಳೆ ಯಾವಾಗ ಗೊನೆ ಹಾಕ್ತು?